ಚೇಳಿಗೊಂದು ಮೈನಸ್

ಜುಲೈ 7, ಸೋಮವಾರ

ಇವತ್ತು ಡಾಕ್ಟರು ಪಥ್ಯ ಹೇಳಿದರು. ರೋಗಿ ಅವ್ವ, ಪಥ್ಯ ನನಗೆ.

ಮೇ ತಿಂಗಳಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಬಾಯಿ ತುಸು ವಾರೆಯಾಯಿತು, ಮಾತು ಅಡ್ಡದಾರಿ ಹಿಡಿಯಿತು. ನೀರು ಬೇಕಾದಾಗ ‘ಕಿಟಕಿ’ ಅನ್ನುತ್ತಾಳೆ. ಕಿಟಕಿ ತೆರೆದರೆ ಸಿಟ್ಟಾಗುತ್ತಾಳೆ. ಪದಗಳು ತಲೆಯಿಂದ ಹೋಗಿಲ್ಲವಂತೆ, ಅವುಗಳ ಹತ್ತಿರ ಹೋಗುವ ದಾರಿ ಕೆಟ್ಟಿದೆಯಂತೆ.

“ಅವರ ಪದ ಅವರಿಗೇ ಹುಡುಕಲಿಕ್ಕೆ ಬಿಡ್ರಿ ಮಾಸ್ತರ,” ಎಂದರು ಡಾಕ್ಟರು. “ನಡುವ ಬಾಯಿ ಹಾಕಬ್ಯಾಡ್ರಿ. ಮತ್ತ ಒಂದ ಶಬ್ದಕ್ಕ ಎರಡ ಅರ್ಥ ಹಚ್ಚೂ ನಿಮ್ಮ ಆಟ ಅದಲ್ಲ, ಅದನ್ನ ಅವರ ಮುಂದ ಪೂರಾ ಬಂದ್ ಮಾಡ್ರಿ. ಒಂದ ಅರ್ಥ ಸಿಗೂದ ಕಷ್ಟ ಆಗೇದ. ಬ್ಯಾಸತ್ತು ಮಾತಾಡೂದ ಬಿಟ್ಟರಂದ್ರ, ತಿರುಗಿ ಹಾದಿಗೆ ತರೂದು ಭಾಳ ಕಠಿಣ.”

ಆ ಆಟ ಕಲಿಸಿದವಳೇ ಅವ್ವ! ಹುನಗುಂದದ ಕನ್ನಡ ಶಾಲೆಯಲ್ಲಿ ಒಂದು ತಲೆಮಾರನ್ನು ತಿದ್ದಿದ ತುಳಸೀಬಾಯಿ ಟೀಚರು. “ಉಪ್ಪಿಟ್ಟು ಆತೇನವ್ವಾ?” ಎಂದು ಕೇಳಿದರೆ, “ಉಪ್ಪು ಇಟ್ಟು ಹೊತ್ತಾತು, ರವಾ ಎಲ್ಲೆ ಇಟ್ಟೇನೋ ಕಾಣವಲ್ತು” ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಇಬ್ಬರು ಆಟಗಾರರಿದ್ದೆವು, ನನ್ನ ಹೆಂಡತಿ ಮಯೂರಿ ಪ್ರೇಕ್ಷಕಿ. ಈಗ ಒಬ್ಬರು ಗಾಯಾಳು, ಇನ್ನೊಬ್ಬರಿಗೆ ನಿಷೇಧ. ಪ್ರೇಕ್ಷಕಿಯೇ ಈ ಡೈರಿ ತಂದುಕೊಟ್ಟಳು. “ಏನ ಅನ್ನೂದದ ಇದರಾಗ ಬರಕೋರಿ. ಇಲ್ಲಂದ್ರ ಹೊಟ್ಟಿ ಉಬ್ಬೀತು.”

ಶಾಲೆಯಲ್ಲಿ ಇನ್ನೊಂದು ಉರುಳು. ನವನಗರದ ನಮ್ಮ ಹೈಸ್ಕೂಲಿಗೆ ಆನ್‌ಲೈನ್ ಉಲ್ಲೇಖ ಗ್ರಂಥಾಲಯ ಬಂದಿದೆ: ವಿಶ್ವಕೋಶ, ನಿಘಂಟು, ಗ್ಯಾಸೆಟಿಯರ್, ಲೇಖನ, ಎಲ್ಲ ಒಂದೇ ಪಾಸ್‌ವರ್ಡಿನ ಹಿಂದೆ. ಆಗಸ್ಟ್ ಎರಡಕ್ಕೆ ಬಾದಾಮಿಯಲ್ಲಿ ಮಕ್ಕಳ ಸಂಶೋಧನಾ ಮೇಳ. ಹೆಡ್‌ಮಾಸ್ತರ ಅಂದಾನಪ್ಪನವರು ಎಲ್ಲರೆದುರು ಹೇಳಿದರು, “ನಿಮ್ಮ ಹೆಸರ ಸತ್ಯಬೋಧ ಅಲ್ರೀ? ಬೋಧ ಸಾಕಾತು. ಇನ್ನ ಶೋಧ ಮಾಡಸ್ರಿ.”

ಪನ್ನು ನನ್ನದಾಗಬೇಕಿತ್ತು, ಅವರಿಗೆ ಹೋಯಿತು. ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು: “ಅಂದಾನಪ್ಪ ಅಂದಾನಪ್ಪಾ! ಇನ್ನ ಮುಗೀತು.”

ಜುಲೈ 9, ಬುಧವಾರ

ಶೋಧದ ಶುಭಾರಂಭ. ಒಂಬತ್ತನೆಯ ತರಗತಿಯ ಅಲೀಮಾ ನನ್ನ ಪಾಲಿಗೆ ಬಂದ ಸಂಶೋಧಕಿ. ತಾಯಿಯ ತವರು ಇಲಕಲ್ಲು, ಆದ್ದರಿಂದ ವಿಷಯ ಇಲಕಲ್ ಸೀರೆ. ಕಂಪ್ಯೂಟರ್ ಕೋಣೆಯಲ್ಲಿ ಅವಳನ್ನು ಪಕ್ಕಕ್ಕೆ ಸರಿಸಿ, ಕೀಲಿಮಣೆ ನನ್ನ ಕಡೆ ಎಳೆದುಕೊಂಡು, ಗುರುವಿಗೆ ತಕ್ಕ ಗಾಂಭೀರ್ಯದಿಂದ ಒತ್ತಿದೆ: ‘ಇಲಕಲ್ ಸೀರೆಯ ಬಗ್ಗೆ ಸಂಪೂರ್ಣ ಮಾಹಿತಿಯನ್ನು ಒದಗಿಸಬೇಕಾಗಿ ವಿನಂತಿ.’

ಗ್ರಂಥಾಲಯ ತಡಮಾಡದೆ ಒದಗಿಸಿತು. ಮೊದಲ ಫಲಿತಾಂಶ: ‘ವಿನಂತಿ ಪತ್ರಗಳ ಬರವಣಿಗೆ, ಮಾದರಿಗಳೊಂದಿಗೆ’.

“ಸರ್, ಅದಕ್ಕ ಮರ್ಯಾದಿ ಕೊಡೂದು ಬೇಕಾಗಿಲ್ರಿ,” ಎಂದಳು ಅಲೀಮಾ. “ಅದೇನ ನಮ್ಮಂಗ ವಾಕ್ಯ ಓದಂಗಿಲ್ಲ. ಬರೇ ಶಬ್ದ ಹೊಂದಿಸಿ ನೋಡ್ತೈತಿ.”

ಮರ್ಯಾದೆ ತೆಗೆದೆ. ‘ಇಲಕಲ್’ ಎಂದಷ್ಟೇ ಒತ್ತಿದೆ. ಕಲ್ಲು ಬಂತು. ಕೆಂಪು ಗ್ರಾನೈಟು, ಅದರ ಗಡಸುತನ, ಅದರ ರಫ್ತು. ಊರ ಹೆಸರಿನಲ್ಲೇ ಕಲ್ಲಿರುವಾಗ ಗ್ರಂಥಾಲಯವನ್ನು ದೂರಿ ಫಲವಿಲ್ಲ. ಸೀರೆ ಬೇಡಿದವಳ ಮಡಿಲಿಗೆ ಕಲ್ಲು ಸುರಿದಂತಾಯಿತು. ಆಮೇಲೆ ಅಲೀಮಾ ‘ಇಳಕಲ್’ ಎಂದು ಬರೆದಳು, ‘ಇಲ್ಕಲ್’ ಎಂದು ಬರೆದಳು. ಒಂದೊಂದು ಕಾಗುಣಿತಕ್ಕೆ ಒಂದೊಂದು ರಾಶಿ. ಒಂದೇ ಊರು ಲ ಮತ್ತು ಳ ನಡುವೆ ಪಾಲಾಗಿ ಹೋಗಿದೆ, ಅಣ್ಣತಮ್ಮಂದಿರ ಹೊಲದಂತೆ.

ಮನೆಗೆ ಬಂದರೆ ಅವ್ವ ಎಡಗೈಯಿಂದ ತನ್ನ ಎದೆಯ ಮೇಲೆ ಬಡಿದು ತೋರಿಸಿ, ಪ್ರಯಾಸಪಟ್ಟು ಅಂದಳು: “ಚೇ... ಚೇಳು.”

“ಚಳಿ! ಚಳಿ ಆಗ್ತದಂತ!” ನಾನು ಒದಗಿಸಿದೆ, ಗ್ರಂಥಾಲಯದಷ್ಟೇ ವೇಗವಾಗಿ. ಸೆಖೆಯಲ್ಲಿ ಕಂಬಳಿ ಹೊದಿಸಿದೆ. ಅವ್ವ ಅದನ್ನು ಕಾಲಿನಿಂದ ಒದ್ದಳು. ಒಳ್ಳೆಯ ಲಕ್ಷಣ, ಕಾಲಿನಲ್ಲಿ ಶಕ್ತಿ ಬಂದಿದೆ ಎಂದು ನಾನು ಮಯೂರಿಗೆ ಹೇಳಿದೆ.

ಜುಲೈ 13, ರವಿವಾರ

ಚಳಿಯಲ್ಲ, ಚೇಳೇ. ಮೂರು ಹೊತ್ತೂ ಅದೇ ಮಾತು. ಎದೆ ಮುಟ್ಟಿಕೊಳ್ಳುತ್ತಾಳೆ, ಹೆಗಲು ಮುಟ್ಟಿಕೊಳ್ಳುತ್ತಾಳೆ, ‘ಚೇಳು’ ಅನ್ನುತ್ತಾಳೆ.

ಮಧ್ಯಾಹ್ನ ಊಟವಾದ ಮೇಲೆ ಚೇಳುಶೋಧನೆ ಕೈಗೊಂಡೆವು. ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ, ಗಾದಿ ಬಿಸಿಲಿಗೆ ಹಾಕಿ, ಮಂಚ ಮಗುಚಿ, ನಾನು ಕಸಬರಿಗೆ, ಮಯೂರಿ ಲಟ್ಟಣಿಗೆ ಹಿಡಿದೆವು. ಸಿಕ್ಕಿದ್ದು: ಕಳೆದುಹೋಗಿದ್ದ ನನ್ನ ಪೆನ್ನಿನ ಟೊಪ್ಪಿಗೆ, ಒಂದು ಒಣ ಹಲ್ಲಿ, ದವಾಖಾನೆಯ ಹಳೆಯ ಚೀಟಿ.

“ಮೈ ಮ್ಯಾಲೆ ಏನರ ಹರದಾಡಿದಂಗ ಅನಿಸ್ತಿರಬೇಕು,” ಎಂದಳು ಮಯೂರಿ.

“ಅವ್ವಾ, ಇಲ್ಲೆ ಚೇಳು ಇಲ್ಲ. ನೋಡು, ಇಲ್ಲ. ನಮ್ಮ ಹೆಡ್‌ಮಾಸ್ತರನ್ನ ಬಿಟ್ಟರ ನವನಗರದಾಗ ಕುಟಕೂದು ಯಾವುದೂ ಇಲ್ಲ!”

ಅದು ನಿಷೇಧದ ಉಲ್ಲಂಘನೆ. ಬಾಯಿಂದ ಜಾರಿಬಿಟ್ಟಿತು. ಮೊದಲಾಗಿದ್ದರೆ ತಕ್ಷಣ ತಿರುಗಿ ಕುಟುಕುತ್ತಿದ್ದಳು. ಇವತ್ತು ನನ್ನನ್ನೇ ನೋಡುತ್ತಾ ಕೂತಳು. ಕಣ್ಣಲ್ಲಿ ನೀರು ಬಂತು. ಕೈಗೆ ಸಿಕ್ಕ ಸ್ಟೀಲಿನ ಲೋಟ ತೆಗೆದು ನೆಲಕ್ಕೆ ಬಡಿದಳು.

ಲೋಟ ಉರುಳಿ ಹೋಗಿ ಮಗುಚಿದ ಮಂಚದ ಕಾಲಿಗೆ ಬಡಿದು ನಿಂತಿತು. ಇಷ್ಟು ಬರೆಯಲು ಎರಡು ಸಲ ಎದ್ದು ಓಡಾಡಿದೆ.

ಜುಲೈ 16, ಬುಧವಾರ

ಅಲೀಮಾ ಅಲೆಮಾರಿಯಾಗಿದ್ದಾಳೆ. ಈ ಪನ್ನು ಬರೆಯಲೆಂದೇ ಸಂಜೆಯವರೆಗೆ ಕಾದಿದ್ದೆ.

ಸೀರೆಯಿಂದ ರೇಷ್ಮೆಗೆ ಹೋದಳು, ರೇಷ್ಮೆಯಿಂದ ಹುಳಕ್ಕೆ, ಹುಳದಿಂದ ಹಿಪ್ಪುನೇರಳೆಗೆ. ನಾನು ನೋಡುವಾಗ ಅದರ ಎಲೆ ತಿನ್ನುವ ಆಡುಗಳ ತಳಿ ಓದುತ್ತಿದ್ದಳು.

“ಏನವಾ ಇದು? ಸೀರಿ ಬಿಟ್ಟು ಆಡು ಕಾಯಲಿಕ್ಕೆ ಹೊಂಟೀಯಲ್ಲ?”

“ನೀವ ಹೇಳಿದ್ರಲ್ರಿ, ನೀಲಿ ಅಕ್ಷರದ ಕೊಂಡಿ ಒತ್ತು ಅಂತ. ಒತ್ತಿದೆ. ಅದರಾಗ ಇನ್ನೊಂದ ಕೊಂಡಿ ಇತ್ತು. ಅದನ್ನೂ ಒತ್ತಿದೆ.”

ಲಿಂಕಿಗೆ ಕೊಂಡಿ ಎಂಬ ಅಚ್ಚಗನ್ನಡ ಪದ ಕಲಿಸಿದ್ದು ನಾನೇ, ಪರಿಣಾಮವನ್ನೂ ನಾನೇ ಅನುಭವಿಸಬೇಕು. ಅತ್ತ ಹೆಡ್‌ಮಾಸ್ತರು ಬಾಗಿಲಲ್ಲಿ ತಲೆ ಹಾಕಿ, “ಮುಂದಿನ ವಾರ ಮೂರ ಆಧಾರ ತೋರಸ್ರಿ. ಇಲ್ಲಂದ್ರ ಅನಿಲಕುಮಾರನ ಜ್ವಾಲಾಮುಖಿ ಕಳಸ್ತೇನಿ, ಅದು ತಯಾರ ಐತಿ,” ಎಂದು ಹೋದರು. ಆ ಜ್ವಾಲಾಮುಖಿ ಮಾದರಿ ನಾಲ್ಕು ವರ್ಷದಿಂದ ತಯಾರಿದೆ. ಹುಡುಗರು ಬದಲಾಗುತ್ತಾರೆ, ಅದು ಹೊಗೆಯಾಡುತ್ತಲೇ ಇದೆ.

ಗಾಬರಿಗೆ ಕುರ್ಚಿ ಎಳೆದು ಕೂತು ಕೇಳಿದೆ, “ಅಲೀಮಾ, ಸಂಪೂರ್ಣ ಮಾಹಿತಿ ಹಾಳಾಗಿ ಹೋಗಲಿ. ನಿನಗ ಖರೇ ಏನ ತಿಳೀಬೇಕು?”

ಅವಳು ಕೀಲಿಮಣೆಯಿಂದ ಕೈ ತೆಗೆದಳು. “ಸರ್, ನಮ್ಮ ನಾನಿ ಸೀರಿ ಒಡಲು ಹತ್ತೀದು, ಸೆರಗು ರೇಷ್ಮೀದು. ಎರಡೂ ಬ್ಯಾರೆ ಬ್ಯಾರೆ ದಾರ. ಅವು ಕೂಡೂ ಜಾಗಾ ಯಾಕ ಹರಿಯಂಗಿಲ್ಲ?”

“ಇಷ್ಟ ಛಂದ ಪ್ರಶ್ನಿ ಇಟಗೊಂಡು ಆಡು ಯಾಕ ಕಾಯ್ತಿದ್ದಿ? ಮೊದಲ ಹೇಳಬಾರದಾ?”

“ನೀವು ಕೇಳಿದ್ದಿಲ್ರಿ.”

ಮನೆಯಲ್ಲಿ: ಅವ್ವ ಬಾಯಿ ತೆರೆದಳು. ‘ಚೇ’ ಎಂಬಲ್ಲಿಗೆ ನಾನು “ಇಲ್ಲವಾ, ಎಲ್ಲಾ ಝಾಡಿಸೇವಿ” ಎಂದೆ. ಅವ್ವ ಬಾಯಿ ಮುಚ್ಚಿದಳು.

ಜುಲೈ 18, ಶುಕ್ರವಾರ

ಇವತ್ತು ಚೇಳೂ ಇಲ್ಲ, ಏನೂ ಇಲ್ಲ. ಡಾಕ್ಟರು ಕೊಟ್ಟ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದೆ. ಆಕಳು, ಬಾಳೆಹಣ್ಣು, ಛತ್ರಿ. ಅವ್ವ ನನ್ನ ಕೈಯಿಂದ ಕಾರ್ಡಿನ ಕಟ್ಟು ಇಸಿದುಕೊಂಡು, ಮಗುಚಿ, ತೊಡೆಯ ಕೆಳಗೆ ಇಟ್ಟುಕೊಂಡಳು. ಇಸ್ಪೀಟು ಮುಗಿಯಿತು ಎನ್ನುವವರ ಹಾಗೆ.

ಜುಲೈ 20, ರವಿವಾರ

ಪಕ್ಕದ ಮನೆಯ ಇಂದ್ರಾಬಾಯಿಯವರು ಕಾಣಲು ಬಂದಿದ್ದರು. ಜರಿ ಸೀರೆ, ಬಾಯಿ ತುಂಬ ಮಾತು. ಅವರ ದನಿ ಹೊರಗೆ ಕೇಳಿದ್ದೇ ತಡ, ಅವ್ವ ಚಾದರ ಗಲ್ಲದವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು.

“ಯಾಕ್ರೀ ತುಳಸವ್ವಾ, ನನ್ನ ಮ್ಯಾಲೆ ಸಿಟ್ಟೇನ್ರಿ? ಏ, ಈ ಮ್ಯಾಕ್ಸಿಯೊಳಗ ಎಷ್ಟ ಸಣ್ಣ ಹುಡುಗ್ಯಾಗಿ ಕಾಣ್ತೀರಿ! ಚಲೋ ಮಾಡೀ ನೋಡ ಮಯೂರಿ. ಉಡಸೂ ಕಾಟಿಲ್ಲ, ಬಿಚ್ಚೂ ಕಾಟಿಲ್ಲ.”

ಅವ್ವ ತಿರುಗಲಿಲ್ಲ. ಹೋದ ಮೇಲೂ ತಿರುಗಲಿಲ್ಲ. ಊಟಕ್ಕೆ ಮಯೂರಿ ಮೂರು ಸಲ ಕರೆದಳು. ನಾನು ಹೋಗಿ, ಅವ್ವ ಹೇಳಬಹುದಾದದ್ದನ್ನೆಲ್ಲಾ ಅವಳ ಪರವಾಗಿ ನಾನೇ ಹೇಳಿ, ನಾನೇ ಉತ್ತರ ಕೊಟ್ಟೆ. ಹಸಿವಿಲ್ಲೇನು, ಹಸಿವಿಲ್ಲ. ಹೊಟ್ಟೆ ನೋವೇನು, ಅಲ್ಲ. ಒಬ್ಬನೇ ಎರಡೂ ಕಡೆಯಿಂದ ಚೌಕಾಬಾರ ಆಡಿದ ಹಾಗಾಯಿತು.

ಜುಲೈ 21, ಸೋಮವಾರ

ಇಲ್ಲ.

ಡಾಕ್ಟರಿಗೆ ಫೋನು ಮಾಡಿದೆ. “ಎಷ್ಟ ದಿವಸ ಆತು ಸುಮ್ಮನಾಗಿ?” ಎಂದು ಕೇಳಿದರು. ನಾಲ್ಕು ಎಂದೆ. ಮತ್ತೊಮ್ಮೆ ಅದನ್ನೇ ಕೇಳಿದರು. ಆ ಎರಡನೆಯ ಸಲ ನನಗೆ ಸೇರಲಿಲ್ಲ.

ಜುಲೈ 22, ಮಂಗಳವಾರ

ಇವತ್ತು ಬರೆಯುವುದು ಬಹಳವಿದೆ. ಕ್ರಮವಾಗಿ ಬರೆಯುತ್ತೇನೆ.

ಅಲೀಮಾ ಈಗ ಸೊಗಸಾಗಿ ಹುಡುಕುತ್ತಾಳೆ. ‘ಇಲಕಲ್ ಸೀರೆ’ ಎಂಬ ಎರಡು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಕೂಡಿಹಾಕಿದಳು. ಹಾಗೆ ಮಾಡಿದರೆ ಅವು ಗಂಡಹೆಂಡಿರಂತೆ ಜೊತೆಯಾಗಿಯೇ ಸಿಗಬೇಕು, ಒಂಟಿ ಕಲ್ಲು ಬರುವಂತಿಲ್ಲ. ಎಡಗಡೆಯ ಪಟ್ಟಿಯಲ್ಲಿ ‘ಜವಳಿ’ ಎಂಬ ವಿಷಯವನ್ನಷ್ಟೇ ಆರಿಸಿದಳು, ಚಹಾ ಸೋಸುವಷ್ಟು ಸಲೀಸಾಗಿ. ಒಂದು ವಿಶ್ವಕೋಶದ ಲೇಖನ ಸಿಕ್ಕಿತು. ಅದರಲ್ಲಿ ಒಂದೇ ಸಾಲು: ‘ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ವಿಧಾನದಿಂದ ಜೋಡಿಸುತ್ತಾರೆ.’ ಮುಂದೇನೂ ಇಲ್ಲ.

“ಸರ್, ಇವರು ಬಳಸಿದ ಶಬ್ದಾನ ಹಿಡಕೊಂಡು ಹುಡುಕೂನ್ರಿ,” ಎಂದು ‘ಕೊಂಡಿ’ ಒತ್ತಿದಳು.

ಅಬ್ಬಾ! ಜಾಲತಾಣದ ಕೊಂಡಿ, ಬಾಗಿಲ ಕೊಂಡಿ, ಸರಪಳಿಯ ಕೊಂಡಿ. ಎಲ್ಲಕ್ಕಿಂತ ಮೇಲೆ ಬಾಲ ಎತ್ತಿಕೊಂಡು, ಬಣ್ಣದ ಚಿತ್ರ ಸಮೇತ, ಚೇಳು. ‘ಚೇಳಿನ ಕೊಂಡಿ ಮತ್ತು ಅದರ ವಿಷ.’ ಪುಟದ ತುಂಬ ಚೇಳು. ನಾನು ನಕ್ಕೆ. ಈ ಗ್ರಂಥಾಲಯಕ್ಕೂ ನಮ್ಮ ಮನೆಯ ಚಟ ಹತ್ತಿದೆ, ಒಂದು ಪದ ಕೇಳಿದರೆ ಅದರ ಜೋಡಿ ಅರ್ಥ ತಂದು ಎದುರಿಗಿಡುತ್ತದೆ.

“ಕಾಟ ಕಡಿಮಿ ಮಾಡ್ತೇನ್ರಿ,” ಎಂದಳು ಅಲೀಮಾ. “ಬ್ಯಾಡಾದ ಶಬ್ದಕ್ಕಿಂತ ಮೊದಲ ಮೈನಸ್ ಹಾಕಿದ್ರ ಅದು ಇರೂ ಪುಟಾನ ಬರಂಗಿಲ್ಲ.” ‘ಕೊಂಡಿ ನೇಯ್ಗೆ’ ಎಂದು ಬರೆದು, ಜಾಗ ಬಿಟ್ಟು, ಮೈನಸ್ ಚಿಹ್ನೆ ಒತ್ತಿ, ‘ಚೇಳು’ ಎಂದು ಬರೆದಳು.

“ತಡಿ! ಒತ್ತಬ್ಯಾಡ!”

ಕೋಣೆಯ ಹುಡುಗರೆಲ್ಲಾ ತಿರುಗಿ ನೋಡಿದರು. ನಾನು ಎದ್ದು ನಿಂತಿದ್ದೆ.

ಕೊಂಡಿ ಅಂದರೆ ಗ್ರಂಥಾಲಯ ಚೇಳು ಕೊಡುತ್ತದೆ. ಹಾಗಾದರೆ ಅವ್ವ ಚೇಳು ಅಂದಾಗ ಹುಡುಕುತ್ತಿದ್ದದ್ದು ಏನನ್ನು? ಹಾದಿ ಕೆಟ್ಟ ತಲೆಯೊಳಗೆ ಸೀರೆಗೆ ಹೋಗಲು ಹೊರಟು, ಸೆರಗಿನ ಕೊಂಡಿ ಹಿಡಿದು, ಆ ಕೊಂಡಿಯಿಂದ ಜಾರಿ ಚೇಳಿನ ಮೇಲೆ ಬಿದ್ದಿದ್ದರೆ? ಎದೆ ಮುಟ್ಟಿಕೊಂಡದ್ದು, ಹೆಗಲು ಮುಟ್ಟಿಕೊಂಡದ್ದು ಸೆರಗು ಹೊದೆಯುವ ಜಾಗ. ಅವ್ವ ಹುನಗುಂದದ ಶಾಲೆಗೆ ನೌಕರಿ ಮುಗಿಯುವವರೆಗೂ ಇಲಕಲ್ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಮೇ ತಿಂಗಳಿಂದ ನಾವು ಅವಳಿಗೆ ತೊಡಿಸಿದ್ದು ಹೂವಿನ ಮ್ಯಾಕ್ಸಿ. ಅವಳು ದಿನಾ ಸೀರೆ ಕೇಳಿದಳು, ನಾವು ದಿನಾ ಚೇಳಿಗೆ ಮೈನಸ್ ಹಾಕಿದೆವು.

“ಸರ್, ಏನಾತ್ರಿ?”

“ನೀ ಒತ್ತವಾ. ನಿನ್ನ ಮೈನಸ್ ಬರೋಬ್ಬರಿ ಅದ. ನಂದ ತಪ್ಪಿತ್ತು.”

ವರಾಂಡದಲ್ಲಿ ಹೆಡ್‌ಮಾಸ್ತರು ಸಿಕ್ಕರು. “ಏನ್ರಿ, ಗಂಟಿ ಹೊಡಿಯೂ ಮೊದಲಽ ಎಲ್ಲಿಗೆ ಓಡಾಕ್ಹತ್ತೀರಿ?”

“ಚೇಳು ಸಿಕ್ಕದರಿ ಸರ್!”

“ಹೊಡದ್ರ್ಯೋ ಇಲ್ಲೋ?”

“ಹೊಡಿಯೂದಲ್ರಿ, ಉಡಸೂದು!”

ಅವರು ಏನು ತಿಳಿದುಕೊಂಡರೋ, ಗೇಟಿನವರೆಗೆ ನನ್ನನ್ನೇ ನೋಡುತ್ತಿದ್ದರು.

ಮನೆಯಲ್ಲಿ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ. ಮೇಲೆಯೇ ಇತ್ತು, ಗಿಣಿಹಸಿರಿನ ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆ. ಮಡಿಕೆ ಬಿಚ್ಚದೆ ಹಾಗೆಯೇ ಅವ್ವನ ತೊಡೆಯ ಮೇಲೆ ಇಟ್ಟೆ. ‘ಇದೇನವ್ವಾ?’ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಪಕ್ಕದಲ್ಲಿ ಕೂತೆ.

ಅವ್ವನ ಎಡಗೈ ಸೀರೆಯ ಮೇಲೆ ನಿಧಾನಕ್ಕೆ ಹರಿದಾಡಿತು. ಹೆಬ್ಬೆರಳು ಹಸಿರು ದಾಟಿ ಕೆಂಪಿಗೆ ಹೋಗುವ ಜಾಗಕ್ಕೆ ಬಂದು ನಿಂತಿತು. ಅಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ತುಟಿ ಕೂಡಿತು.

“ಕೊಂ... ಡಿ.”

ಆಮೇಲೆ ಸೀರೆಯ ಅಂಚಿನ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, ಸ್ಪಷ್ಟವಾಗಿ ಅಂದಳು: “ದಡ್ಡ.”

ಅಂಚಿಗೆ ‘ದಡಿ’ ಅನ್ನಲು ಹೋಗಿ ನಾಲಿಗೆ ತಪ್ಪಿತೋ, ಸರಿಯಾದ ಪದವೇ ಸಿಕ್ಕಿತೋ, ತೀರ್ಮಾನಿಸಲಾಗುತ್ತಿಲ್ಲ.

ಮಯೂರಿ ಬಾಗಿಲಲ್ಲಿ ನಿಂತಿದ್ದಳು. “ಬಚ್ಚಲಕ್ಕ ಕರಕೊಂಡ ಹೋಗಲಿಕ್ಕೆ ಸಲೀಸಾಗ್ತದಂತ ನಾನಽ ಹಾಕಿದ್ದೆ. ಏನ ಉಡ್ತೀರಿ ಅಂತ ಒಂದ ಸಲನೂ ಕೇಳಲಿಲ್ಲ ನೋಡ್ರಿ,” ಎಂದು ಕಣ್ಣು ಒರೆಸಿಕೊಂಡು, ನನ್ನನ್ನು ಹೊರಗೆ ಕಳಿಸಿ, ಉಡಿಸಿದಳು. ಒಳಗಿನಿಂದ ಅವ್ವನ ದನಿ ಎರಡು ಸಲ ಕೇಳಿಸಿತು. ಪದ ತಿಳಿಯಲಿಲ್ಲ, ರಾಗ ತಿಳಿಯಿತು. ನಿರಿಗೆ ಸರಿಯಾಗಿಲ್ಲ ಎಂದು ಬೈಯುವ ರಾಗ.

ಜುಲೈ 23, ಬುಧವಾರ

ಅಲೀಮಾಳಿಗೆ ಮೈನಸ್ ಫಲ ಕೊಟ್ಟಿದೆ. ಕೈಮಗ್ಗದ ಒಂದು ಲೇಖನ, ಹಳೆಯ ಗ್ಯಾಸೆಟಿಯರಿನ ಒಂದು ಪುಟ. ಲೇಖನದ ಕೊನೆಯ ಆಧಾರಗಳ ಪಟ್ಟಿ ಹಿಡಿದು ಹೋಗಿ ಇನ್ನೊಂದನ್ನು ಹಿಡಿದಳು. ಒಡಲಿನ ಎಳೆಯ ತುದಿಯನ್ನು ಕುಣಿಕೆ ಮಾಡಿ, ಸೆರಗಿನ ಎಳೆಯನ್ನು ಅದರೊಳಗೆ ತೂರಿಸುತ್ತಾರೆ. ಎಳೆ ಎಳೆಗೂ ಹೀಗೆ. ಎಳೆದಷ್ಟೂ ಬಿಗಿ. “ಹೊಲಿಗಿ ಅಲ್ರಿ ಸರ್, ಕೈ ಕೈ ಹಿಡಕೊಂಡಂಗ,” ಎಂದಳು. ಯಾವುದನ್ನು ಯಾರು, ಯಾವ ವರ್ಷ ಬರೆದರು ಎಂಬುದನ್ನೂ ಗುರುತು ಹಾಕಿಕೊಂಡಿದ್ದಾಳೆ. ಹೆಡ್‌ಮಾಸ್ತರು ಆಧಾರಗಳನ್ನು ನೋಡಿ ಜ್ವಾಲಾಮುಖಿಯನ್ನು ಮತ್ತೆ ಅಟ್ಟಕ್ಕೆ ಹಾಕಿಸಿದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು, “ಚೇಳು ಉಟ್ಟಿತೇನ್ರಿ?”

ಜುಲೈ 26, ಶನಿವಾರ

ಜಂಬ ಬೇಡ ಎಂದು ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ. ಇವತ್ತು ಅವ್ವ “ರೈಲು” ಅಂದಳು. ನಾನು ಕಾದೆ. ಬೇರೆ ಪದ ಬರಲಿಲ್ಲ. ಹತ್ತಿರದ್ದನ್ನು ಒಂದೊಂದಾಗಿ ಕೇಳಿದೆ. ಊರಿಗೆ ಹೋಗಬೇಕೇನು? ಅಲ್ಲ. ಬಾದಾಮಿ ಸ್ಟೇಷನ್ನೇನು? ಅಲ್ಲ. ಉದ್ದಾನದ್ದೇನು? ಅಲ್ಲ. ಹೊಗಿ ಬರೂದೇನು? ತಡೆದು, ಹೌದು. ಬಿಸಿ ಇರ್ತದೇನು? ಹೌದು! ಮಯೂರಿ ಅಡಿಗೆಮನೆಯಿಂದ, “ಚಾ!” ಎಂದಳು. ಚಹಾವೇ. ಚಹಾ ಮತ್ತು ರೈಲಿನ ನಡುವಿನ ಕೊಂಡಿ ಹೊಗೆಯೋ, ಸ್ಟೇಷನ್ನಿನ ಚಹಾದವನೋ, ಅವ್ವನೂ ಹೇಳಲಾರಳು. ಕುಡಿದು ಮುಗಿಸಿ ಇನ್ನೊಂದು ರೈಲು ಕೇಳಿದಳು.

ಕೆಲವಕ್ಕೆ ಹಾದಿ ಸಿಗುವುದೇ ಇಲ್ಲ. ನಿನ್ನೆಯ ‘ಗಡಿಯಾರ’ ಏನೆಂದು ಇನ್ನೂ ಗೊತ್ತಾಗಿಲ್ಲ. “ಗೊತ್ತಾಗಲಿಲ್ಲವ್ವಾ, ನಾಳಿಗೆ ಮತ್ತ ನೋಡೂಣು” ಎಂದೆ. ಅವ್ವ ತಲೆಯಾಡಿಸಿದಳು.

ಮಯೂರಿ ಊಟಕ್ಕೆ ಬಡಿಸುತ್ತಾ ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಗಿರ ಬಂದಾವೇನು? ಆಗಿಂದ ನಾನಽ ಮಾತಾಡ್ಲಿಕ್ಕೆ ಹತ್ತೇನಿ. ನೀವು ನಡುವ ಬಾಯಿ ಹಾಕವಲ್ರಿ.”

ಬಾಯಿಯಲ್ಲಿ ರೊಟ್ಟಿ ಇತ್ತು, ಅದಕ್ಕೇ ಇರಬೇಕು.

ಜುಲೈ 29, ಮಂಗಳವಾರ, ಪಂಚಮಿ

ಇಂದ್ರಾಬಾಯಿಯವರು ಉಂಡಿ ತಂದಿದ್ದರು. ಅವರ ದನಿ ಅಂಗಳದಲ್ಲಿ ಕೇಳಿದ ಕೂಡಲೇ ಅವ್ವ ಮಂಚದ ಮೇಲೆ ಎದ್ದು ಕೂತು, ಎಡಗೈಯಿಂದ ಸೆರಗು ಹೆಗಲ ಮೇಲೆ ತಂದುಕೊಂಡಳು. “ಬಾ” ಅಂದಳು. ಒಂದೇ ಅಕ್ಷರ. ಇಂದ್ರಾಬಾಯಿ ಹತ್ತು ನಿಮಿಷ ಮಾತಾಡಿದ್ದಕ್ಕಿಂತ ಅದು ಭಾರವಾಗಿತ್ತು.

ಆಗಸ್ಟ್ 2, ಶನಿವಾರ

ಬಾದಾಮಿಗೆ ಹೋಗಿ ಬಂದೆವು. ಸಭಾಂಗಣದ ತುಂಬ ಥರ್ಮಾಕೋಲು. ಬೇರೆ ಶಾಲೆಗಳ ಎರಡು ಜ್ವಾಲಾಮುಖಿಗಳು ಎದುರುಬದುರಾಗಿ ಹೊಗೆ ಬಿಡುತ್ತಿದ್ದವು. ಅಲೀಮಾ ನಾನಿಯ ಸೀರೆ ಹರಡಿಕೊಂಡು, ಪಕ್ಕದಲ್ಲಿ ದಪ್ಪ ನೂಲಿನಿಂದ ತಾನೇ ಹಾಕಿದ ದೊಡ್ಡ ಕೊಂಡಿಗಳ ಮಾದರಿ ಇಟ್ಟುಕೊಂಡು ನಿಂತಿದ್ದಳು.

ತೀರ್ಪುಗಾರರೊಬ್ಬರು ಬಂದರು. “ಇದೆಲ್ಲಾ ಮೊಬೈಲ್ ನೋಡಿ ಬರದದ್ದೇನವಾ?”

“ಅಲ್ರಿ. ಉಲ್ಲೇಖ ಗ್ರಂಥಾಲಯದಾಗ ಹುಡುಕಿದ್ರಿ.”

“ಹುಡುಕಿದಿ, ಸಿಕ್ಕಿತು. ಅದರಾಗೇನೈತಿ?”

ನನ್ನ ಬಾಯಿಗೆ ಉತ್ತರ ಬಂದು ನಿಂತಿತ್ತು. ಅದು ಅಲ್ಲೇ ನಿಂತಿತು. ಅಲೀಮಾ ಒಂದು ಕ್ಷಣ ಸೀರೆ ನೋಡಿದಳು.

“ಒಮ್ಮೆಲೆ ಸಿಗಲಿಲ್ರಿ. ಮೊದಲ ವಿನಂತಿ ಪತ್ರ ಸಿಕ್ತು. ಆಮ್ಯಾಲೆ ಕಲ್ಲು ಸಿಕ್ತು, ಆಡು ಸಿಕ್ತು, ಚೇಳು ಸಿಕ್ತು. ನನ್ನ ಪ್ರಶ್ನಿ ಯಾವುದು ಅಂತ ನನಗ ಗೊತ್ತಾದ ಮ್ಯಾಲೆ ಸೀರಿ ಸಿಕ್ತ್ರಿ.”

ಅವರು ನಗುತ್ತಾ ಕುರ್ಚಿ ಎಳೆದು ಕೂತು, ಚೇಳಿನ ಕಥೆ ಪೂರ್ತಿ ಹೇಳಿಸಿಕೊಂಡರು. ಎರಡನೆಯ ಬಹುಮಾನ. ಮೊದಲನೆಯದು ಒಂದು ಜ್ವಾಲಾಮುಖಿಗೆ ಹೋಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೇ ತಳಮಳ, ಅಲೀಮಾ ಆರಾಮಾಗಿ ಕಡಲೆ ತಿನ್ನುತ್ತಿದ್ದಳು. “ಸರ್, ಮುಂದಿನ ಸಲ ಏನ ಹುಡುಕೂನ್ರಿ?”

“ನೀನಽ ಹೇಳು,” ಎಂದೆ.

ಕೆರೂರು ದಾಟುವವರೆಗೂ ಅವಳು ಹೇಳಲಿಲ್ಲ. ಯೋಚಿಸುತ್ತಿದ್ದಳು. ನಾನೂ ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತಾ ಕೂತಿದ್ದೆ.

ಆಗಸ್ಟ್ 3, ರವಿವಾರ

ಮಧ್ಯಾಹ್ನ ಅವ್ವನ ಹತ್ತಿರ ನೆಲದ ಮೇಲೆ ಕೂತು ಬಾದಾಮಿಯ ಸುದ್ದಿ ಹೇಳುತ್ತಿದ್ದೆ. ಅವ್ವ ಹಸಿರು ಸೀರೆ ಉಟ್ಟು, ಮಂಚದ ಮೇಲೆ ಗೋಡೆಗೆ ಒರಗಿದ್ದಳು. ನಡುವೆ ಕೈ ಎತ್ತಿ ನನ್ನ ಮಾತು ನಿಲ್ಲಿಸಿದಳು.

“ಚೇಳು.”

ಹಳೆಯ ಪದ ಮರಳಿ ಬಂತಲ್ಲ ಎಂದು ಹೆದರಿದೆ. ತೋರಗೊಡದೆ, ನಿಧಾನವಾಗಿ ಶುರು ಮಾಡಿದೆ.

“ಸೀರಿ ಏನವ್ವಾ? ಉಟ್ಟೀಯಲ್ಲ. ಬ್ಯಾರೆ ಬಣ್ಣದ್ದು ಬೇಕೇನು?”

ಇಲ್ಲವೆಂದು ತಲೆಯಾಡಿಸಿದಳು.

“ಸೆರಗು ಜಾರ್ಯದೇನು?”

ಇಲ್ಲ.

“ಬಾಗಲ ಕೊಂಡಿ ಹಾಕಬೇಕೇನು?”

ಇಲ್ಲ.

“ಸರಪಳಿ? ಕೊರಳಾಗಿಂದು? ಅಲೀಮಾನ ಸುದ್ದಿ? ಆಕೀ ಕೊಂಡಿ?”

ಅವ್ವ ನನ್ನನ್ನೇ ನೋಡುತ್ತಿದ್ದಳು. ಪ್ರತಿ ಪ್ರಶ್ನೆಗೂ ತಲೆಯಾಡಿಸುತ್ತಾ, ಕಾಲು ಮೆಲ್ಲಗೆ ಮಂಚದ ಮೇಲೆ ಎಳೆದುಕೊಂಡಳು. ಬಾಯಿಯ ಸರಿಯಿರುವ ಕಡೆ ಏನೋ ಅಲುಗಿತು. ಹುನಗುಂದದ ಶಾಲೆಯಲ್ಲಿ ದಡ್ಡ ಹುಡುಗನ ಉತ್ತರ ಮುಗಿಯಲೆಂದು ಕಾಯುತ್ತಿದ್ದ ಟೀಚರಿನ ಮುಖ ಅದು.

ನನ್ನ ಪಟ್ಟಿ ಮುಗಿಯಿತು. “ಗೊತ್ತಾಗಲಿಲ್ಲವ್ವಾ. ಇನ್ನೊಂದ ಸಲ ಹೇಳ್ತೀಯೇನು?”

ಅವ್ವ ಎಡಗೈ ಚಾಚಿ, ನನ್ನ ಮೊಣಕಾಲಿನ ಪಕ್ಕದ ನೆಲ ತೋರಿಸಿದಳು. ಒಂದೊಂದು ಪದವನ್ನೂ ಆರಿಸಿ, ಒರೆಸಿ, ಇಟ್ಟಳು.

“ಹುಡುಕ... ಬ್ಯಾಡೋ. ನೋಡು. ಖರೇ ಚೇಳು.”

ನೋಡಿದೆ. ಬಾಲ ಎತ್ತಿಕೊಂಡು, ಕೊಂಡಿ ಸಮೇತ, ನನ್ನ ಧೋತರದ ಅಂಚಿಗೆ ಗೇಣು ದೂರದಲ್ಲಿತ್ತು.

ನಾನು ಮಂಚದ ಮೇಲೆ ಹಾರಿದ್ದು ಹೇಗೆಂದು ನನಗೆ ಗೊತ್ತಿಲ್ಲ. ಮಯೂರಿ ಲಟ್ಟಣಿಗೆ ಹಿಡಿದು ಓಡಿ ಬಂದಳು. ಚೇಳು ಬಾಗಿಲ ಸಂದಿಯಿಂದ ಅಂಗಳಕ್ಕೆ ಹೋಯಿತು. ಅವ್ವನ ಸೆರಗು ಹಿಡಿದುಕೊಂಡು ನಾನು ನಡುಗುತ್ತಿದ್ದೆ. ಅವ್ವ ನಗುತ್ತಿದ್ದಳು, ವಾರೆ ಬಾಯಿಯಿಂದ, ದನಿಯೆತ್ತಿ, ಮಂಚ ಅಲುಗುವ ಹಾಗೆ. ಆಮೇಲೆ ಉಸಿರು ತಂದುಕೊಂಡು, ನನ್ನ ಕೈಯಿಂದ ಸೆರಗು ಬಿಡಿಸಿಕೊಳ್ಳುತ್ತಾ ಅಂದಳು:

“ದಡ್ಡ.”

ಬೆರಳು ಇವತ್ತು ದಡಿಯ ಮೇಲೆ ಇರಲಿಲ್ಲ.